ಬೆರಳ ತುದಿಯ 98

ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ಸರ್ಕಾರಿ ಆಸ್ಪತ್ರೆಯ ಹೊರರೋಗಿಗಳ ಸಾಲಿನ ಪಕ್ಕ ಅರ್ಧ ದಿನ ಕೂತರೆ ಕಿವಿಗೆ ಬೀಳುವ ಮಾತುಗಳು ಐದಾರೇ. ‘ದಮ್ಮು ಹತ್ತತದ್ರಿ.’ ‘ಎದಿ ಡವಡವ ಅಂತದ.’ ‘ಕಣ್ಣಿಗೆ ಕತ್ಲಿ ಬರ್ತದ.’ ‘ಕೈಕಾಲು ಸೆಳೀತಾವ.’ ‘ರಗತ ಕಮ್ಮಿ ಆಗೇದ ಅಂದಾರ.’ ಹತ್ತಿ ಬಿಡಿಸುವ ಒಂದು ದಿನದ ಕೂಲಿ ಕಳೆದುಕೊಂಡು ಬಂದ ಹೆಂಗಸು ಇವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾಳೆ.

ಎದುರಿಗೆ ನಿಂತ ನರ್ಸಿಂಗ್ ಅಥವಾ ಲ್ಯಾಬ್ ಟೆಕ್ನಿಷಿಯನ್ ವಿದ್ಯಾರ್ಥಿಯ ತಲೆಯಲ್ಲಿ ಆ ಒಂದು ಉಸಿರು ನಾಲ್ಕು ಚೂರಾಗುತ್ತದೆ. ದಮ್ಮು ಉಸಿರಾಟದ ಅಧ್ಯಾಯಕ್ಕೆ, ಎದೆಬಡಿತ ಹೃದಯದ ಅಧ್ಯಾಯಕ್ಕೆ, ರಕ್ತ ಕಡಿಮೆಯಾದದ್ದು ರಕ್ತದ ಅಧ್ಯಾಯಕ್ಕೆ ಹೋಗುತ್ತದೆ. ಜ್ವರವೂ ಇದ್ದರೆ ರೋಗನಿರೋಧಕ ಶಕ್ತಿಯ ಪುಟ ತೆರೆಯುತ್ತದೆ. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಆ ವಿಂಗಡಣೆ ನಡೆಯುತ್ತದೆ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿನಲ್ಲಿ, ದೇಹದ ಎದುರು ಕೂತಾಗ, ಅದು ನಡೆಯುವುದಿಲ್ಲ. ರಕ್ತ, ಹೃದಯ, ಉಸಿರು, ರೋಗನಿರೋಧಕತೆ ಎಂಬ ನಾಲ್ಕು ಪಾಠಗಳ ಮೂಲಸಂಗತಿಗಳನ್ನು ಇಲ್ಲಿ ಒಟ್ಟಿಗೇ ನೋಡಲು ಹೊರಟಿದ್ದೇನೆ. ಅವು ಒಂದೇ ಪಾಠ ಎಂಬುದು ನನ್ನ ನಂಬಿಕೆ. ಅದನ್ನು ಒಂದು ಅಂಕಿಯಿಂದ ಶುರುಮಾಡುವುದು ಸುಲಭ.

ಸಾಲಿನ ಮುಂದೆ ಬಂದವಳ ಬೆರಳಿಗೆ ಮೊದಲು ಸಿಕ್ಕಿಸುವುದು ಪಲ್ಸ್ ಆಕ್ಸಿಮೀಟರ್. ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ 1970ರ ದಶಕದಲ್ಲಿ ಇದರ ತತ್ತ್ವವನ್ನು ಕಂಡುಕೊಂಡರು. ಉಗುರಿನ ಮೂಲಕ ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯಿಸಿ, ನಾಡಿ ಬಡಿದಾಗ ಎರಡೂ ಎಷ್ಟೆಷ್ಟು ಹೀರಲ್ಪಟ್ಟವು ಎಂದು ಹೋಲಿಸಿದರೆ, ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬುದು ಗೊತ್ತಾಗುತ್ತದೆ. ಕೋವಿಡ್ ಕಾಲದಲ್ಲಿ ಈ ಯಂತ್ರ ಆಶಾ ಕಾರ್ಯಕರ್ತೆಯ ಚೀಲವನ್ನೂ ಸೇರಿತು. ಅದೇ ಸಾಂಕ್ರಾಮಿಕ ಹಬ್ಬುತ್ತಿದ್ದ 2020ರ ಏಪ್ರಿಲ್‌ನಲ್ಲಿ ಅವೊಯಾಗಿ ತೀರಿಕೊಂಡರು.

ದಮ್ಮು ಹತ್ತುತ್ತದೆ ಎಂದವಳ ಬೆರಳಲ್ಲಿ ಯಂತ್ರ 98 ತೋರಿಸುತ್ತದೆ. ‘ನಾರ್ಮಲ್ ಅದವ್ವ, ಏನೂ ಇಲ್ಲ’ ಎಂಬ ಮಾತು ಹೊರಬೀಳುತ್ತದೆ. ಯಂತ್ರ ಸುಳ್ಳು ಹೇಳಿಲ್ಲ, ಹೆಂಗಸೂ ಸುಳ್ಳು ಹೇಳಿಲ್ಲ. ತಪ್ಪಿರುವುದು ನಾವು ಆ ಅಂಕಿಯನ್ನು ಓದಿದ ರೀತಿಯಲ್ಲಿ.

ರಾಯಚೂರಿನ ಹತ್ತಿ ಮಾರುಕಟ್ಟೆಯ ಗೇಟಿನಲ್ಲಿ ಒಬ್ಬ ಕೂತು ಬಂದ ಬಂಡಿಗಳಲ್ಲಿ ನೂರಕ್ಕೆ ಎಷ್ಟು ತುಂಬಿವೆ ಎಂದಷ್ಟೇ ಬರೆದುಕೊಳ್ಳುತ್ತಾನೆ ಎನ್ನಿ. 98 ಎಂದು ಬರೆದರೆ, ಬಂದ ಬಂಡಿ ಸಾವಿರವೋ ಐನೂರೋ ತಿಳಿಯುವುದಿಲ್ಲ. ಆಕ್ಸಿಮೀಟರ್ ಲೆಕ್ಕ ಅಷ್ಟೇ. ಬಂಡಿಗಳ ಸಂಖ್ಯೆ ಹೇಳುವುದು ಹಿಮೋಗ್ಲೋಬಿನ್. ಒಂದು ಗ್ರಾಂ ಹಿಮೋಗ್ಲೋಬಿನ್ ಪೂರ್ತಿ ತುಂಬಿದರೆ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಪ್ರತಿ 100 ಮಿ.ಲೀ. ರಕ್ತದಲ್ಲಿ 14 ಗ್ರಾಂ ಇರುವವಳಲ್ಲಿ, 98ರ ತುಂಬುವಿಕೆಗೆ, ಆಮ್ಲಜನಕ 18.4 ಮಿ.ಲೀ. 7 ಗ್ರಾಂ ಇರುವವಳಲ್ಲಿ, ಅದೇ 98ಕ್ಕೆ, 9.2 ಮಿ.ಲೀ. ರಕ್ತದ ನೀರಿನಂಶದಲ್ಲಿ ನೇರವಾಗಿ ಕರಗುವುದು 0.3 ಮಿ.ಲೀ. ಮಾತ್ರ, ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬೆರಳ ಮೇಲಿನ ಅಂಕಿ ಒಂದೇ, ಒಳಗಿನ ಸರಕು ಅರ್ಧ. ಈ ಒಂದು ಗುಣಾಕಾರವನ್ನು ಪ್ರತಿ ವಿದ್ಯಾರ್ಥಿಯೂ ತನ್ನ ಕೈಯಿಂದ ಒಮ್ಮೆ ಮಾಡಬೇಕು. ಮಾಡಿದ ಮೇಲೆ 98 ಎಂಬ ಅಂಕಿ ನೋಡಿ ಯಾರನ್ನೂ ಮನೆಗೆ ಕಳಿಸಲು ಮನಸ್ಸು ಬರುವುದಿಲ್ಲ.

ಸರಕು ಅರ್ಧಕ್ಕಿಳಿದಾಗ ಹೃದಯ ಏನು ಮಾಡುತ್ತದೆ ಎಂಬುದು ಮುಂದಿನ ಪ್ರಶ್ನೆ. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ಸಾಧಿಸಿದ್ದು ಮುಖ್ಯವಾಗಿ ಒಂದು ಗುಣಾಕಾರದಿಂದಲೇ. ಒಂದು ಬಡಿತಕ್ಕೆ ಹೊರಬೀಳುವ ರಕ್ತವನ್ನು ಬಡಿತಗಳ ಸಂಖ್ಯೆಯಿಂದ ಗುಣಿಸಿದರೆ ದೇಹದಲ್ಲಿರುವ ರಕ್ತಕ್ಕಿಂತ ಎಷ್ಟೋ ಪಟ್ಟು ಬರುತ್ತದೆ. ಅದೇ ರಕ್ತ ಮರಳಿ ಬರದೆ ಬೇರೆ ದಾರಿಯೇ ಇಲ್ಲ. ಇಂದಿನ ಅಂಕಿಗಳಲ್ಲಿ ಹೇಳುವುದಾದರೆ ಬಡಿತಕ್ಕೆ 70 ಮಿ.ಲೀ., ನಿಮಿಷಕ್ಕೆ 72 ಬಡಿತ, ಹತ್ತಿರ ಹತ್ತಿರ 5 ಲೀಟರ್. 45 ಕಿಲೋ ತೂಗುವ ಹೆಣ್ಣಿನ ಮೈಯಲ್ಲಿರುವ ರಕ್ತವೇ ಸುಮಾರು 3 ಲೀಟರ್. ಅಂದರೆ ಒಂದೊಂದು ಹನಿಯೂ ನಿಮಿಷಕ್ಕೆ ಒಂದು ಸುತ್ತಿಗಿಂತ ಹೆಚ್ಚು ತಿರುಗುತ್ತದೆ.

ವಿಶ್ರಾಂತಿಯಲ್ಲಿ ದೇಹ ನಿಮಿಷಕ್ಕೆ ಸುಮಾರು 250 ಮಿ.ಲೀ. ಆಮ್ಲಜನಕ ಬಳಸುತ್ತದೆ. ಬಾಗಿ ಕಳೆ ಕೀಳುವಾಗ, ಹೊರೆ ಹೊರುವಾಗ ಅದು ಮೂರು ನಾಲ್ಕು ಪಟ್ಟಾಗುತ್ತದೆ. ಒಂದು ಸಾವಿರ ಮಿ.ಲೀ. ಎಂದಿಟ್ಟುಕೊಳ್ಳೋಣ. ಸ್ನಾಯುಗಳು ಎಷ್ಟೇ ಹಿಂಡಿದರೂ ರಕ್ತದಲ್ಲಿರುವ ಆಮ್ಲಜನಕದ ಮುಕ್ಕಾಲು ಪಾಲಿಗಿಂತ ಹೆಚ್ಚು ತೆಗೆಯುವುದು ಕಷ್ಟ. ನೂರಕ್ಕೆ 70 ಎಂದು ಹಿಡಿದರೆ, 14 ಗ್ರಾಂ ಹಿಮೋಗ್ಲೋಬಿನ್ ಇರುವವಳ ಹೃದಯ ಆ ಕೆಲಸಕ್ಕೆ ನಿಮಿಷಕ್ಕೆ 8 ಲೀಟರಿನಷ್ಟು ದೂಡಿದರೆ ಸಾಕು. 7 ಗ್ರಾಂ ಇರುವವಳ ಹೃದಯ 15-16 ಲೀಟರ್ ದೂಡಬೇಕು. ಅದು ತರಬೇತಿಯಿಲ್ಲದ ಒಬ್ಬ ಹೆಂಗಸು ಜೀವ ಬಿಟ್ಟು ಓಡಿದಾಗ ಹೃದಯ ಮುಟ್ಟುವ ಮಟ್ಟ. ಒಂದೇ ಸಾಲಿನಲ್ಲಿ ಕುಂತು ಕಳೆ ಕೀಳುತ್ತಿರುವ ಇಬ್ಬರಲ್ಲಿ ಒಬ್ಬಳು ಕೆಲಸ ಮಾಡುತ್ತಿದ್ದಾಳೆ, ಇನ್ನೊಬ್ಬಳ ಹೃದಯ ಓಡುತ್ತಿದೆ. ‘ಎದಿ ಡವಡವ’ ಎನ್ನುವ ಮಾತಿನ ಅರ್ಥ ಇದು. ಅದನ್ನು ಗಾಬರಿ ಎಂದೋ ಸೋಮಾರಿತನ ಎಂದೋ ಬರೆದಿಟ್ಟ ಚೀಟಿಗಳನ್ನು ಕಂಡಾಗ ಸಂಕಟವಾಗುತ್ತದೆ.

ರಾಯಚೂರಿನವರಿಗೆ ‘ಕೊನೆಭಾಗ’ ಎಂಬ ಪದವನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಕಡಿಮೆಯಾದ ವರ್ಷ ಮೇಲಿನವರ ಗದ್ದೆ ತುಂಬುತ್ತದೆ, ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಭಾಗದ ರೈತರು ರಸ್ತೆಗಿಳಿಯುತ್ತಾರೆ. ದೇಹವೂ ಬರಗಾಲದಲ್ಲಿ ಹಾಗೇ ಹಂಚುತ್ತದೆ. ಮಿದುಳಿಗೂ ಹೃದಯಕ್ಕೂ ಹೋಗುವ ತೂಬುಗಳನ್ನು ತೆರೆದಿಟ್ಟು ಚರ್ಮದ, ಕರುಳಿನ, ಮೂತ್ರಪಿಂಡದ ತೂಬುಗಳನ್ನು ಬಿಗಿಮಾಡುತ್ತದೆ. ಅಂಗೈ ಬಿಳಿಚುವುದು, ಕೆಳರೆಪ್ಪೆಯ ಒಳಮೈ ಬಣ್ಣ ಕಳೆದುಕೊಳ್ಳುವುದು, ಹಸಿವು ಸಾಯುವುದು ಎಲ್ಲ ಕೊನೆಭಾಗದ ಸುದ್ದಿಗಳು. ಅದರ ಮೇಲೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲು. ಆಗ ಮೈ ತಣಿಸಿಕೊಳ್ಳಲು ಚರ್ಮದ ತೂಬನ್ನೂ ತೆರೆಯಲೇಬೇಕು. ಮೊದಲೇ ಓಡುತ್ತಿದ್ದ ಹೃದಯಕ್ಕೆ ಇನ್ನೊಂದು ಕಾಲುವೆಯ ಹೊಣೆ ಸೇರುತ್ತದೆ, ಬೆವರಿನಲ್ಲಿ ನೀರು ಹೋದಂತೆ ಕಾಲುವೆಯೇ ಬತ್ತುತ್ತದೆ. ಕಣ್ಣಿಗೆ ಕತ್ತಲೆ ಬರುವುದು ಆಗ.

ಹೀಗೆ ತಿಂಗಳುಗಟ್ಟಲೆ ಓಡಿದ ಹೃದಯ ಹಿಗ್ಗಿರುತ್ತದೆ, ಅಂಚಿಗೆ ಬಂದಿರುತ್ತದೆ. ವಾರ್ಡಿನಲ್ಲಿ ಕೆಲಸ ಮಾಡುವವರು ನೆನಪಿಡಬೇಕಾದದ್ದು ಇಲ್ಲಿದೆ: 4-5 ಗ್ರಾಂಗೆ ಇಳಿದವಳಿಗೆ ಒಂದೇ ಸಮ ವೇಗವಾಗಿ ರಕ್ತ ಏರಿಸಿದರೆ ಆ ಹೃದಯ ಅದನ್ನು ತಾಳದೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಕೆಂಪುಕಣಗಳನ್ನು ಮಾತ್ರ, ನಿಧಾನವಾಗಿ, ಕಣ್ಣಿಟ್ಟು ಕೊಡುವುದು ಅದಕ್ಕಾಗಿ. ರಕ್ತದ ಪಾಠ, ಹೃದಯದ ಪಾಠ, ಉಸಿರಿನ ಪಾಠ ಒಂದೇ ಬಾಟಲಿಯಲ್ಲಿ ಕೂಡುವ ಹೊತ್ತು ಅದು.

ಹೃದಯದ ಸ್ವಂತ ಕಾಲುವೆ, ಪರಿಧಮನಿ, ಕಟ್ಟಿಕೊಂಡಾಗ ಆಗುವ ಹೃದಯಾಘಾತದ ಬಗ್ಗೆ ಈಗ ತಾಲ್ಲೂಕು ಮಟ್ಟದಲ್ಲೂ ಎಚ್ಚರ ಬಂದಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರು ಓದಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಕೊಡುವ ವ್ಯವಸ್ಥೆ ಇದೆ. ಇದು ಒಳ್ಳೆಯ ಕೆಲಸ. ಆದರೆ ಎದೆನೋವು ಹಿಡಿದು ಬಂದವನಿಗೆ ಸಿಗುವ ತುರ್ತು, ವರ್ಷಗಟ್ಟಲೆ ‘ಸುಸ್ತು’ ಎನ್ನುತ್ತಿರುವವಳಿಗೂ ಸಿಗಬೇಕು.

ಬಂಡಿಗಳು ಕಡಿಮೆಯಾಗುವುದು ಏಕೆ? ದೇಹದಲ್ಲಿ ಸೆಕೆಂಡಿಗೆ 20 ಲಕ್ಷದಷ್ಟು ಹೊಸ ಕೆಂಪುಕಣಗಳು ಮಜ್ಜೆಯಿಂದ ಹೊರಡುತ್ತವೆ, 120 ದಿನ ದುಡಿಯುತ್ತವೆ, ಗುಲ್ಮದಲ್ಲಿ ಮುರಿದುಬೀಳುತ್ತವೆ. ಅವುಗಳಲ್ಲಿದ್ದ ಕಬ್ಬಿಣವನ್ನು ದೇಹ ಬಿಸಾಡುವುದಿಲ್ಲ. ದಿನಕ್ಕೆ 20-25 ಮಿಲಿಗ್ರಾಂ ಹಳೆಯ ಕಬ್ಬಿಣ ಮತ್ತೆ ಮಜ್ಜೆಗೆ ಮರಳುತ್ತದೆ. ಊಟದಿಂದ ಹೊಸದಾಗಿ ಬೇಕಾದದ್ದು ದಿನಕ್ಕೆ 1-2 ಮಿಲಿಗ್ರಾಂ ಮಾತ್ರ. ಇಷ್ಟು ಜಿಪುಣ ಸಂಸಾರ ದಿವಾಳಿಯಾಗಬೇಕಾದರೆ ಎಲ್ಲೋ ಸೋರಿಕೆ ಇರಬೇಕು, ಇಲ್ಲವೇ ಬಾಗಿಲಲ್ಲೇ ಆದಾಯ ತಡೆಯಲ್ಪಡಬೇಕು. ಇಲ್ಲಿ ಎರಡೂ ಆಗುತ್ತವೆ.

ಮುಟ್ಟಿನಲ್ಲಿ ತಿಂಗಳಿಗೆ 35 ಮಿ.ಲೀ. ರಕ್ತ ಹೋದರೆ 14 ಮಿಲಿಗ್ರಾಂ ಕಬ್ಬಿಣ ಹೋಯಿತು. ಒಂದು ಬಸಿರು ಹೆಚ್ಚುಕಡಿಮೆ 1000 ಮಿಲಿಗ್ರಾಂ ಬೇಡುತ್ತದೆ. ಬರಿಗಾಲಲ್ಲಿ ಹಸಿ ಮಣ್ಣು ತುಳಿಯುವವರ ಅಂಗಾಲಿನಿಂದ ಒಳಹೊಕ್ಕ ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ದಿನವೂ ಹೀರುತ್ತದೆ. ಆದಾಯದ ಬಾಗಿಲಲ್ಲಿ ನಿಂತಿರುವುದು ನಮ್ಮ ಅಡುಗೆಮನೆಯ ರಸಾಯನ. ಜೋಳದ ರೊಟ್ಟಿಯಲ್ಲಿ, ಬೇಳೆಯಲ್ಲಿ ಕಬ್ಬಿಣ ಇದೆ. ಜೊತೆಗೆ ಅದನ್ನು ಕಟ್ಟಿಹಾಕುವ ಫೈಟೇಟ್ ಕೂಡ ಇದೆ. ಸಸ್ಯಾಹಾರದ ಕಬ್ಬಿಣದಲ್ಲಿ ಸಣ್ಣ ಪಾಲು ಮಾತ್ರ ರಕ್ತ ಸೇರುವುದರಿಂದ ಐಸಿಎಂಆರ್ 2020ರಲ್ಲಿ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು ನಿಗದಿಮಾಡಿತು. ಊಟದ ಜೊತೆ ಚಹಾ ಕುಡಿದರೆ ಆ ಸಣ್ಣ ಪಾಲೂ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ರೊಟ್ಟಿ ಬುತ್ತಿಯ ಮೇಲೆ ಒಂದು ಕಪ್ ಚಹಾ ಕುಡಿದು ಹೊಲಕ್ಕಿಳಿಯುವುದು ಇಲ್ಲಿನ ದಿನಚರಿ. ಚಹಾ ಬಿಡು ಎಂದರೆ ಯಾರೂ ಕೇಳುವುದಿಲ್ಲ, ಹಸಿವನ್ನು ತಡೆಯುವುದೇ ಅದು. ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರವಿಡು, ಪುಂಡಿಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊ ಎಂದರೆ ಕೇಳುತ್ತಾರೆ. ಹುಳಿಯಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5. ಬೆರಳು ಚುಚ್ಚಿ ತೆಗೆದ ರಕ್ತದ ಅಳತೆ ನಿಖರವಲ್ಲ, ಶಿರೆಯ ರಕ್ತ ನೋಡಬೇಕು ಎಂಬ ವಾದ ಪೋಷಣಾ ತಜ್ಞರಲ್ಲಿದೆ, ಅದರಲ್ಲಿ ಹುರುಳಿದೆ. ಬೆರಳನ್ನು ಹಿಸುಕಿ ಹಿಸುಕಿ ಹನಿ ತೆಗೆದರೆ ಅಂಗಾಂಶದ ನೀರು ಬೆರೆತು ಅಂಕಿ ಸುಳ್ಳಾಗುವುದನ್ನು ಲ್ಯಾಬ್ ವಿದ್ಯಾರ್ಥಿ ಮೊದಲ ವಾರವೇ ಕಲಿಯುತ್ತಾನೆ. ಆದರೂ ಅಂಕಿಗಳು ನಾಲ್ಕೈದು ಕೆಳಗೆ ಮೇಲಾದ ಮಾತ್ರಕ್ಕೆ ಆಸ್ಪತ್ರೆಯ ಸಾಲು ಗಿಡ್ಡವಾಗುವುದಿಲ್ಲ. 2018ರಲ್ಲಿ ಬಂದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣದ ಕೆಂಪು ಗೋಲಿಯನ್ನು ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕೊಡಬೇಕೆನ್ನುತ್ತದೆ. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಗೋಲಿ. ಗೋಲಿ ಕೈಸೇರುತ್ತದೆ. ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಕೂಸು ಕಪ್ಪಾಗುತ್ತದೆಂದು ಯಾರೋ ಹೆದರಿಸುತ್ತಾರೆ, ಗೋಲಿ ಗೂಡಿನಲ್ಲಿ ಉಳಿಯುತ್ತದೆ. ಗೋಲಿಗೂ ಒಂದೇ ಬಾರಿ ಶಿರೆಗೆ ಕೊಡುವ ಕಬ್ಬಿಣಕ್ಕೂ ಇರುವ ವ್ಯತ್ಯಾಸವನ್ನು ನೋಡಲು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ವಿದೇಶಿ ಸಹಭಾಗಿಗಳೊಂದಿಗೆ ಕರ್ನಾಟಕ, ರಾಜಸ್ಥಾನಗಳ ಗರ್ಭಿಣಿಯರಲ್ಲಿ ದೊಡ್ಡ ಪರೀಕ್ಷೆ ನಡೆಸಿದ್ದಾರೆ. ಆ ದಾರಿ ತೆರೆಯುವವರೆಗೂ ಗೂಡಿನ ಗೋಲಿಯನ್ನು ಹೊಟ್ಟೆಗೆ ತಲುಪಿಸುವುದೇ ನರ್ಸಿನ ಕೈಲಿರುವ ದೊಡ್ಡ ಚಿಕಿತ್ಸೆ.

ಇನ್ನು ಗಾಳಿ. ದೇವಸೂಗೂರಿನಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿಗೆ ಉಸಿರಾಟದ ಪಾಠ ಕಣ್ಣೆದುರೇ ಇದೆ. ಒಂದು ಕಡೆ ಕೃಷ್ಣೆ, ಸೂಗೂರೇಶ್ವರನ ಗುಡಿ. ಇನ್ನೊಂದು ಕಡೆ ಶಕ್ತಿನಗರದ ಚಿಮಣಿಗಳು. 1985ರಲ್ಲಿ ಮೊದಲ ಘಟಕ ಶುರುವಾದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಭಾರತದ ಕಲ್ಲಿದ್ದಲಿನಲ್ಲಿ ಮೂರನೇ ಒಂದರಷ್ಟು ಬೂದಿಯೇ. ಹಾರುಬೂದಿಯ ಬಹುಪಾಲನ್ನು ವಿದ್ಯುತ್ ಕ್ಷೇತ್ರದ ಬಲೆ ಹಿಡಿಯುತ್ತದೆ, ಅದು ಸಿಮೆಂಟಿಗೂ ಇಟ್ಟಿಗೆಗೂ ಹೋಗುತ್ತದೆ. ತಪ್ಪಿಸಿಕೊಂಡದ್ದು ಮತ್ತು ಬೂದಿಹೊಂಡದಲ್ಲಿ ಒಣಗಿ ಮೇಲೆದ್ದದ್ದು ಗಾಳಿಗೆ ಸೇರುತ್ತದೆ. ಹತ್ತು ಮೈಕ್ರಾನ್‌ಗಿಂತ ದೊಡ್ಡ ಕಣ ಮೂಗಿನಲ್ಲೇ ನಿಲ್ಲುತ್ತದೆ. ಅದಕ್ಕಿಂತ ಸಣ್ಣದು ಶ್ವಾಸನಾಳದ ಲೋಳೆಗೆ ಅಂಟಿ ಕೆಮ್ಮಿನಲ್ಲಿ ಹೊರಬರುತ್ತದೆ. ಎರಡೂವರೆ ಮೈಕ್ರಾನ್‌ಗಿಂತ ಸಣ್ಣದು ಗಾಳಿಗೂಡಿನವರೆಗೂ ಇಳಿಯುತ್ತದೆ.

ಆದರೆ ಚಿಮಣಿಯನ್ನಷ್ಟೇ ನೋಡಿ ಒಲೆಯನ್ನು ಮರೆಯಬಾರದು. ಈ ಸೀಮೆಯಲ್ಲಿ ಹತ್ತಿ ಬಿಡಿಸಿದ ಮೇಲೆ ಉಳಿದ ಹತ್ತಿಕಟ್ಟಿಗೆ ಅಡುಗೆಯ ಉರುವಲು. ಗಾಳಿಕಿಂಡಿ ಇಲ್ಲದ ಕೋಣೆಯಲ್ಲಿ ರೊಟ್ಟಿ ಬಡಿಯುವವಳು ದಿನಕ್ಕೆ ಎರಡು ಮೂರು ತಾಸು ಕುಡಿಯುವ ಹೊಗೆ ಯಾವ ಚಿಮಣಿಗಿಂತಲೂ ಅವಳ ಮೂಗಿಗೆ ಹತ್ತಿರ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಂದರೆ ಇದ್ದ ಅರ್ಧ ಬಂಡಿಗಳಲ್ಲೂ ಕೆಲವು ಹೊಗೆ ತುಂಬಿಕೊಂಡು ತಿರುಗುತ್ತವೆ. ಆಕ್ಸಿಮೀಟರ್‌ಗೆ ಆ ಹೊರೆಯೂ ಆಮ್ಲಜನಕದ ಹೊರೆಯೂ ಒಂದೇ ಬಣ್ಣ, ಮತ್ತೆ 98.

ಗಾಳಿಗೂಡಿನಲ್ಲಿ ಕೆಂಪುಕಣ ಇರುವುದು ಮುಕ್ಕಾಲು ಸೆಕೆಂಡ್. ಆರೋಗ್ಯವಂತನಲ್ಲಿ ಕಾಲು ಸೆಕೆಂಡಿಗೇ ತುಂಬಿಕೊಳ್ಳುತ್ತದೆ, ಏಕೆಂದರೆ ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಒಂದು ಮೈಕ್ರಾನ್‌ಗಿಂತ ತೆಳು. ಉಳಿದ ಅರ್ಧ ಸೆಕೆಂಡ್ ನಮ್ಮ ಉಳಿತಾಯ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಅಂಥ ಗಣಿಗಳಲ್ಲಿ, ಕಲ್ಲು ಕೊರೆಯುವ, ಪುಡಿಮಾಡುವ ಎಲ್ಲ ಕಡೆ, ಸಿಲಿಕಾ ಧೂಳು ಏಳುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವನಲ್ಲಿ ಆ ಗೋಡೆ ದಪ್ಪವಾಗುತ್ತದೆ. ಕೂತಾಗ ಉಳಿತಾಯದ ಅರ್ಧ ಸೆಕೆಂಡ್ ಕೈಹಿಡಿಯುತ್ತದೆ, ಯಂತ್ರ 96 ಎನ್ನುತ್ತದೆ. ನಡೆದಾಗ ರಕ್ತ ವೇಗವಾಗಿ ಹಾಯುತ್ತದೆ, ಉಳಿತಾಯ ಕರಗುತ್ತದೆ, ಅಂಕಿ ಕುಸಿಯುತ್ತದೆ. ಆದ್ದರಿಂದ ದಮ್ಮಿನವರನ್ನು ಕೂರಿಸಿ ಅಳೆದರೆ ಸಾಲದು. ಆರು ನಿಮಿಷ ನಡೆಸಿ ಅಳೆಯುವ ಪರೀಕ್ಷೆಗೆ ಆಸ್ಪತ್ರೆಯ ಪಡಸಾಲೆಯೊಂದು ಸಾಕು. ಅಂದಹಾಗೆ, ಕಪ್ಪು ಚರ್ಮದವರಲ್ಲಿ ಈ ಯಂತ್ರ ಅಪಾಯವನ್ನು ಮುಚ್ಚಿಡುವುದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದ ಮಿಷಿಗನ್ ಸಂಶೋಧಕರು ತೋರಿಸಿದರು. ನಮ್ಮ ಬಿಸಿಲಲ್ಲಿ ದುಡಿದ ಕೈಗಳನ್ನು ನೋಡುವಾಗ ಅದೂ ನೆನಪಿರಲಿ.

ರಾಯಚೂರಿನ ಜಿನ್ನಿಂಗ್ ಮಿಲ್ಲುಗಳ ಪುಡಿ ಬೇರೆ ಬಗೆಯದು. ಹತ್ತಿಯ ಧೂಳಿನಲ್ಲಿರುವ ಬ್ಯಾಕ್ಟೀರಿಯಾದ ವಿಷ ಶ್ವಾಸನಾಳವನ್ನು ಬಿಗಿಯುತ್ತದೆ. ವಾರದ ರಜೆ ಮುಗಿಸಿ ಬಂದ ಮೊದಲ ದಿನವೇ ಎದೆ ಹಿಡಿಯುವುದು ಅದರ ಗುರುತು. ‘ಯಾವ ದಿನ ಜಾಸ್ತಿ?’ ಎಂಬ ಒಂದು ಪ್ರಶ್ನೆ ಕೇಳಿದರೆ ಆ ಗುರುತು ಸಿಗುತ್ತದೆ, ಕೇಳದಿದ್ದರೆ ಆಸ್ತಮಾ ಎಂದು ಬರೆದು ಮುಗಿಯುತ್ತದೆ.

ಗಾಳಿಗೂಡಿಗೆ ಇಳಿದ ಕಣದ ಬೆನ್ನು ಹತ್ತಿದರೆ ನಾಲ್ಕನೆಯ ಅಧ್ಯಾಯ ತಾನಾಗಿ ತೆರೆಯುತ್ತದೆ. ಅಲ್ಲಿ ಕಾವಲಿರುವುದು ಮ್ಯಾಕ್ರೋಫೇಜ್ ಎಂಬ ಬಿಳಿಕಣ. ಬಂದದ್ದನ್ನು ನುಂಗಿ ಜೀರ್ಣಿಸುವುದು ಅದರ ಕೆಲಸ. ಸಿಲಿಕಾ ಹರಳನ್ನು ಅದು ನುಂಗುತ್ತದೆ, ಅರಗಿಸಲಾರದೆ ಸಾಯುತ್ತದೆ. ಸಾಯುವಾಗ ಚೆಲ್ಲಿದ ರಾಸಾಯನಿಕಗಳು ಸುತ್ತ ಗಾಯದ ನಾರನ್ನು ಹೆಣೆಯುತ್ತವೆ. ಹರಳು ಹಾಗೇ ಉಳಿದು ಇನ್ನೊಂದು ಕಾವಲುಗಾರನ ಬಾಯಿಗೆ ಹೋಗುತ್ತದೆ. ಕ್ಷಯದ ಕ್ರಿಮಿಯನ್ನು ಹಿಡಿದಿಡಬೇಕಾದದ್ದೂ ಇದೇ ಮ್ಯಾಕ್ರೋಫೇಜ್. ಅದೇ ಸತ್ತುಹೋದ ಎದೆಯಲ್ಲಿ ಕ್ಷಯ ಸುಲಭವಾಗಿ ಬೇರೂರುತ್ತದೆ. ಸಿಲಿಕೋಸಿಸ್ ಆದವರಲ್ಲಿ ಕ್ಷಯ ಹೆಚ್ಚು ಎಂಬ ಹಳೆಯ ಅನುಭವದ ಒಳಗುಟ್ಟು ಇದು.

ಲಸಿಕೆಯ ವೇಳಾಪಟ್ಟಿ, ಪ್ರತಿಕಾಯಗಳ ಐದು ವರ್ಗಗಳು ವಿದ್ಯಾರ್ಥಿಗಳಿಗೆ ಬಾಯಿಪಾಠ, ಇಲ್ಲಿ ಮತ್ತೆ ಹೇಳುವುದಿಲ್ಲ. ಬಾಯಿಪಾಠದಲ್ಲಿ ಬರದ ಸಂಗತಿ ಊಟದ್ದು. ಬಿಳಿಕಣಗಳೂ ಪ್ರೋಟೀನಿನಿಂದಲೇ ಆಗಬೇಕು. ಹಸಿದ ಮೈಯಲ್ಲಿ ಟಿ ಕಣಗಳ ಪಡೆ ಸೊರಗುತ್ತದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ 2,800 ಕ್ಷಯರೋಗಿಗಳ ಮನೆಯವರಾದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಅಧ್ಯಯನ ಮಾಡಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ತಿಂಗಳ ರೇಷನ್ ಬುಟ್ಟಿ ಪಡೆದ ಮನೆಗಳ ಜನರಲ್ಲಿ ಹೊಸದಾಗಿ ಕ್ಷಯ ಹತ್ತುವುದು ನೂರಕ್ಕೆ 39ರಷ್ಟು ಕಡಿಮೆಯಾಗಿತ್ತು. ಅಕ್ಕಿ, ಬೇಳೆಯೇ ಅಲ್ಲಿ ಲಸಿಕೆಯಂತೆ ಕೆಲಸ ಮಾಡಿದ್ದವು. ನನಗೆ ತಿಳಿದಂತೆ ಈ ದಶಕದಲ್ಲಿ ಕನ್ನಡನಾಡಿನ ವೈದ್ಯರಿಂದ ಬಂದ ಅತಿ ಮಹತ್ವದ ಕೆಲಸಗಳಲ್ಲಿ ಇದೊಂದು. ಕ್ಷಯರೋಗಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ತಿಂಗಳ 500 ರೂಪಾಯಿ ಪೋಷಣೆಯ ನೆರವು 2024ರ ನವೆಂಬರ್‌ನಿಂದ 1000 ಆಗಿದೆ.

ರೋಗನಿರೋಧಕ ವ್ಯವಸ್ಥೆ ರಕ್ತದ ಲೆಕ್ಕವನ್ನೂ ಬದಲಿಸುತ್ತದೆ. ಸೋಂಕು ಎದ್ದಾಗ ಪಿತ್ತಜನಕಾಂಗ ಹೆಪ್ಸಿಡಿನ್ ಎಂಬ ಹಾರ್ಮೋನು ಸುರಿಸಿ ಕಬ್ಬಿಣದ ಕೋಠಿಗೆ ಬೀಗ ಹಾಕುತ್ತದೆ. ಕ್ರಿಮಿಗೂ ಕಬ್ಬಿಣ ಬೇಕು, ಅದಕ್ಕೆ ಸಿಗಬಾರದು ಎಂಬುದು ದೇಹದ ಯೋಚನೆ. ಆದರೆ ಮಜ್ಜೆಗೂ ಸಿಗುವುದಿಲ್ಲ. ಆದ್ದರಿಂದ ದೀರ್ಘಕಾಲದ ಸೋಂಕಿರುವವಳಿಗೆ ಗೋಲಿ ನುಂಗಿಸಿದರೂ ಹಿಮೋಗ್ಲೋಬಿನ್ ಏರದಿದ್ದರೆ ‘ಗೋಲಿ ತಿಂದಿಲ್ಲ’ ಎಂದು ಬೈಯುವ ಮೊದಲು ಕಫ ಪರೀಕ್ಷೆ ಮಾಡಿಸಬೇಕು.

ಕಾವಲುಗಾರನ ಗುರಿ ತಪ್ಪುವುದೂ ಉಂಟು. ಮಕ್ಕಳ ಗಂಟಲುನೋವಿನ ಸ್ಟ್ರೆಪ್ಟೊಕಾಕಸ್ ವಿರುದ್ಧ ಎದ್ದ ಪ್ರತಿಕಾಯಗಳು ಹೋಲಿಕೆಯಿಂದ ಮೋಸಹೋಗಿ ಹೃದಯದ ಕವಾಟಗಳ ಮೇಲೆ ಬೀಳುತ್ತವೆ. ಇಕ್ಕಟ್ಟಾದ ಮನೆಗಳಲ್ಲಿ ಆ ಗಂಟಲುಸೋಂಕು ಹರಡುತ್ತದೆ. ಹತ್ತು ವರ್ಷದ ಹುಡುಗಿಯ ಕೀಲುನೋವು ಇಪ್ಪತ್ತರಲ್ಲಿ, ಮೊದಲ ಬಸಿರಿನಲ್ಲಿ, ದಮ್ಮಾಗಿ ಕಾಣಿಸಿಕೊಳ್ಳುತ್ತದೆ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ತಪ್ಪದಂತೆ ನೋಡಿಕೊಂಡ ಒಬ್ಬ ಸಿಸ್ಟರ್ ಉಳಿಸುವ ಕವಾಟಗಳ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ಹೆಪ್ಪುಗಟ್ಟುವಿಕೆಯ ಪಾಠವನ್ನು ಇಲ್ಲಿ ಕಲಿಸುವುದು ಹಾವು. ಭತ್ತದ ಗದ್ದೆಯಲ್ಲಿ ಇಲಿ, ಇಲಿಯ ಹಿಂದೆ ಕೊಳಕುಮಂಡಲ. ಅದರ ವಿಷ ಹೆಪ್ಪುಗಟ್ಟಿಸುವ ಐದನೆಯ ಮತ್ತು ಹತ್ತನೆಯ ಅಂಶಗಳನ್ನು ಒಮ್ಮೆಲೇ ಚುರುಕುಗೊಳಿಸುತ್ತದೆ. ಮೈಯೊಳಗೆ ಅಲ್ಲಲ್ಲಿ ಹೆಪ್ಪು ಕಟ್ಟಿ ಸಾಮಗ್ರಿ ಖಾಲಿಯಾಗುತ್ತದೆ, ಆಮೇಲೆ ವಸಡಿನಿಂದ, ಮೂತ್ರದಲ್ಲಿ ರಕ್ತ ನಿಲ್ಲದೆ ಹರಿಯುತ್ತದೆ. ಇದನ್ನು ಹಿಡಿಯಲು ದೊಡ್ಡ ಯಂತ್ರ ಬೇಡ. ಶುಭ್ರವಾದ, ಒಣಗಿದ ಗಾಜಿನ ನಳಿಗೆಯಲ್ಲಿ ಎರಡು ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ಬಾಗಿಸಿ ನೋಡುವುದು. ಹರಿದರೆ ವಿಷ ರಕ್ತಕ್ಕೇರಿದೆ. ನಳಿಗೆ ಪ್ಲಾಸ್ಟಿಕ್ಕಿನದಾದರೆ, ಸೋಪಿನ ಅಂಶ ಉಳಿದಿದ್ದರೆ ಪರೀಕ್ಷೆ ಕೆಡುತ್ತದೆ. ಗಾಜಿನ ಮೇಲ್ಮೈಯೇ ಹೆಪ್ಪಿನ ಸರಪಳಿಯನ್ನು ಶುರುಮಾಡುವುದು. ಕಟ್ಟುಹಾವಿನ ವಿಷ ನರಗಳಿಗೆ ಹೋಗುವುದರಿಂದ ಅಲ್ಲಿ ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತದೆ, ಉಸಿರು ನಿಲ್ಲುತ್ತದೆ. ಮದ್ದಾಗಿ ಕೊಡುವ ಪ್ರತಿವಿಷ ಕುದುರೆಯ ರೋಗನಿರೋಧಕ ವ್ಯವಸ್ಥೆ ತಯಾರಿಸಿದ ಪ್ರತಿಕಾಯ. 2024ರಲ್ಲಿ ಕರ್ನಾಟಕ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಮತ್ತೆ ಆ ಸಾಲಿನ ಹೆಂಗಸಿನ ಕಡೆ ಬರೋಣ. ಕೆಳರೆಪ್ಪೆ ಎಳೆದು ಕಿಟಕಿಯ ಬೆಳಕಿನಲ್ಲಿ ನೋಡಿದರು, ನಡೆಸಿ ಅಳೆದರು, ಒಲೆಯ ಬಗ್ಗೆ ಕೇಳಿದರು, ಹಿಮೋಗ್ಲೋಬಿನ್ 7 ಬಂತು, ಹುಳುವಿನ ಗೋಲಿಯೂ ಕಬ್ಬಿಣದ ಗೋಲಿಯೂ ಕೈಗೆ ಬಂದವು, ರಾತ್ರಿ ಊಟವಾದ ಮೇಲೆ ನುಂಗು ಎಂದರು. ಏಳರಿಂದ ಹತ್ತು ದಿನಕ್ಕೆ ಸೂಕ್ಷ್ಮದರ್ಶಕದಲ್ಲಿ ಎಳೆಯ ಕೆಂಪುಕಣಗಳು ಗುಂಪಾಗಿ ಕಾಣಿಸಿಕೊಳ್ಳುತ್ತವೆ, ಅವಳಿಗೆ ಏನೂ ಗೊತ್ತಾಗುವುದಿಲ್ಲ. ಒಂದು ತಿಂಗಳಿಗೆ ಅಂಕಿ ಒಂದೆರಡು ಗ್ರಾಂ ಏರುತ್ತದೆ. ಅಂಕಿ ಸರಿಯಾದ ಮೇಲೂ ಕೋಠಿ ತುಂಬಲು ಇನ್ನೂ ಮೂರು ತಿಂಗಳು ಗೋಲಿ ಬೇಕು, ಜನ ಬಿಡುವುದು ಅಲ್ಲಿಯೇ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ ಆಗಲೂ ಅದು ತೋರಿಸುವುದು 98. ಬದಲಾದದ್ದು ಬೇರೆಡೆ ಕಾಣುತ್ತದೆ: ತುಂಬಿದ ಕೊಡ ಹೊತ್ತು ಮನೆಯ ಕಟ್ಟೆ ಹತ್ತುವಾಗ, ಮೊದಲೆಲ್ಲ ಕೊಡ ಇಳಿಸಿ ಗೋಡೆ ಹಿಡಿದು ನಿಲ್ಲುತ್ತಿದ್ದವಳು, ಈಗ ನಿಲ್ಲದೆ ಒಳಗೆ ಹೋಗುತ್ತಾಳೆ.